ನಮ್ಮೂರ ಪಂಚಾಯ್ತಿ ಲೈಬ್ರರಿ: ಐದು ವರ್ಷ ಹೋಗಿ ಬಂದ ಮೇಲೆ ಬರೆದದ್ದು

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಯಾಕೆ ಹಿಡಿದಿಟ್ಟುಕೊಂಡೆ ಅಂತ ಮುಂದೆ ಹೇಳುತ್ತೇನೆ.

ನಾನು ಬೀಳಗಿಯಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೇನೆ. ನಮ್ಮದು ಬೀಳಗಿ ತಾಲೂಕಿನ ಒಂದು ಮುಳುಗಡೆ ಊರು. ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ: ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟಿದರು, ಹಿನ್ನೀರು ಹಿಂದೆ ಹಿಂದೆ ಬಂದು ನಮ್ಮ ಹಳೇ ಊರನ್ನು ಮುಚ್ಚಿತು, ಸರಕಾರ ಎತ್ತರದ ಜಾಗದಲ್ಲಿ ಪ್ಲಾಟ್ ಹಾಕಿ ಹೊಸ ಊರು ಕೊಟ್ಟಿತು. ಕಾಗದದಲ್ಲಿ ಅದಕ್ಕೆ ಪುನರ್ವಸತಿ ಕೇಂದ್ರ ಅಂತ ಹೆಸರು, ಜನರ ಬಾಯಲ್ಲಿ ಆರ್‌ಸಿ. ನಾನು ಹುಟ್ಟಿದ್ದೇ ಆರ್‌ಸಿಯಲ್ಲಿ. ಹಳೇ ಊರು ನನಗೆ ಬರೀ ಮಾತು ಆಗಿತ್ತು. ಅದು ಕಣ್ಣಿಗೆ ಕಂಡದ್ದು ಲೈಬ್ರರಿಯ ಒಂದು ಪುಸ್ತಕದಿಂದ, ಅದೂ ಜಪಾನಿನ ಪುಸ್ತಕದಿಂದ. ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಜಾಗದ ಬಗ್ಗೆ. ಪಂಚಾಯ್ತಿ ಆಫೀಸಿನ ಮಗ್ಗುಲಲ್ಲಿ ಎರಡು ಕೋಣೆ. ಹೊರಗೆ ‘ಅರಿವು ಕೇಂದ್ರ’ ಅಂತ ಬೋರ್ಡ್ ಇದೆ, ಒಳಗೆ ಗೋಡೆಯ ಮೇಲೆ ಮಕ್ಕಳ ಚಿತ್ರ ಬರೆಸಿದ್ದಾರೆ. ಊರಲ್ಲಿ ಮಾತ್ರ ಎಲ್ಲರೂ ಲೈಬ್ರರಿ ಅಂತಲೇ ಅನ್ನುತ್ತಾರೆ. ಆರು ಕಬ್ಬಿಣದ ಕಪಾಟು, ಎರಡು ಉದ್ದ ಮೇಜು, ಒಂದು ಕಂಪ್ಯೂಟರ್, ದಿನಪತ್ರಿಕೆ ಓದುವವರಿಗೆ ಬಾಗಿಲ ಹತ್ತಿರ ಬೆಂಚು. ಕಿಟಕಿ ಪಕ್ಕದ ಮೇಜು ಮಕ್ಕಳದ್ದು. ಮೇಲ್ವಿಚಾರಕಿಯನ್ನು ನಾವೆಲ್ಲ ಅಕ್ಕೋರು ಅನ್ನುತ್ತೇವೆ, ಶಾಲೆಯ ಟೀಚರ್‌ಗೆ ಅನ್ನುವ ಹಾಗೆಯೇ.

ನಾನು ಮೆಂಬರ್ ಆಗಿದ್ದು ಕೊರೋನಾ ವರ್ಷದಲ್ಲಿ. 2020ರಲ್ಲಿ ಶಾಲೆ ಮುಚ್ಚಿದ್ದವು, ನಾನು ಆರನೇ ತರಗತಿ. ಮನೆಯಲ್ಲಿ ಇದ್ದ ಒಂದೇ ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಅದೇ ಹೊತ್ತಿಗೆ ಸರಕಾರ ‘ಓದುವ ಬೆಳಕು’ ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯ್ತಿ ಲೈಬ್ರರಿಯಲ್ಲಿ ಮೆಂಬರ್‌ಶಿಪ್ ಪುಕ್ಕಟೆ. ಅಕ್ಕೋರು ಮನೆ ಮನೆಗೆ ಬಂದು ಹೆಸರು ಬರೆದುಕೊಂಡರು. ಅವ್ವ ಕೇಳಿದಳು, "ರೊಕ್ಕ ಎಷ್ಟ್ರೀ?" "ಏನೂ ಇಲ್ಲವಾ, ಹುಡುಗೀನ್ನ ಕಳಿಸು ಸಾಕು" ಅಂದರು. ಒಂದು ಫೋಟೋ ಕೊಟ್ಟೆವು, ಕಾರ್ಡ್ ಆಯಿತು. ಇವತ್ತಿನ ತನಕ ಒಂದು ರೂಪಾಯಿ ಕೊಟ್ಟಿಲ್ಲ. ಒಂದು ಸಲಕ್ಕೆ ಎರಡು ಪುಸ್ತಕ, 15 ದಿನ. ತಡ ಆದರೆ ಅಕ್ಕೋರು ದಾರಿಯಲ್ಲಿ ಸಿಕ್ಕಾಗ ಕೇಳುತ್ತಾರೆ, ಅಷ್ಟೇ ದಂಡ.

ಮೊದಮೊದಲು ನಾನು ದೊಡ್ಡ ಅಕ್ಷರದ ತೆಳು ಪುಸ್ತಕ ಮಾತ್ರ ತರುತ್ತಿದ್ದೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಎಷ್ಟು ಸಲ ತಂದೆನೋ ಲೆಕ್ಕ ಇಲ್ಲ. ಶಾಲೆ ತೆರೆದ ಮೇಲೆ ಅದನ್ನೇ ಆಟ ಮಾಡಿದೆವು. ಹಳೇ ಪತ್ರಿಕೆಗಳನ್ನು ಎರಡು ದಿನ ನೀರಲ್ಲಿ ನೆನೆಸಿ, ಕುಟ್ಟಿ, ಹಿಟ್ಟಿನ ಅಂಟು ಕಲಸಿ, ತಂಬಿಗೆಯ ಮೇಲೆ ಮೆತ್ತಿ ಇಲಿಯ ಮುಖವಾಡ ಮಾಡಿದ್ದೆವು. ಹದಿನಾಲ್ಕು ಇಲಿ. ಪದ್ಯದಲ್ಲಿ ಊರು ತುಂಗಾ ನದಿಯ ದಂಡೆಯಲ್ಲಿದೆ. ನಮ್ಮ ಸಣ್ಣ ಹುಡುಗರು ಅದನ್ನು ಕೃಷ್ಣಾ ಅಂತ ಮಾಡಿಬಿಟ್ಟರು, ಇಲಿಗಳು ಹಿನ್ನೀರಿಗೆ ಹಾರಿದವು. ನೋಡುತ್ತಿದ್ದ ಹಿರಿಯರು ಚಪ್ಪಾಳೆ ಹೊಡೆದದ್ದು ಅಲ್ಲಿಯೇ.

ಈಗ ಆ ಜಪಾನಿನ ಪುಸ್ತಕಕ್ಕೆ ಬರುತ್ತೇನೆ. ‘ತೊತ್ತೋಚಾನ್’. ತುಂಬಾ ಜನ ಓದಿರುತ್ತೀರಿ, ಓದದೇ ಇದ್ದವರು ಬೇರೆ ಎಲ್ಲ ಬಿಟ್ಟು ಇದನ್ನು ಮೊದಲು ಓದಿ. ಬರೆದವರು ತೆತ್ಸುಕೊ ಕುರೊಯನಾಗಿ, ಕತೆಯಲ್ಲಿ ಬರುವ ಹುಡುಗಿ ಅವರೇ. ಚಿಕ್ಕ ಹುಡುಗಿ, ಕಿಟಕಿಯಲ್ಲಿ ನಿಂತು ಬೀದಿಯವರನ್ನು ಕರೆಯುತ್ತಾಳೆ ಅಂತ ಒಂದು ಶಾಲೆಯಿಂದ ತೆಗೆದುಹಾಕುತ್ತಾರೆ. ಅವ್ವ ಅವಳನ್ನು ಇನ್ನೊಂದು ಶಾಲೆಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ತರಗತಿಗಳು ಹಳೇ ರೈಲು ಬೋಗಿಗಳಲ್ಲಿ. ಹೆಡ್‌ಮಾಸ್ತರು ಕೊಬಾಯಾಶಿ ಮೊದಲ ದಿನ ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತು, ನಿನಗೆ ಏನು ಹೇಳಬೇಕು ಅನ್ನಿಸುತ್ತದೋ ಹೇಳು ಅಂತಾರೆ. ನಾಲ್ಕು ತಾಸು ಕೇಳುತ್ತಾರೆ. ನಾಲ್ಕು ತಾಸು! ನಾನು ಆ ಪುಟ ಓದಿ ಪುಸ್ತಕ ಮುಚ್ಚಿ ಸುಮ್ನೆ ಕೂತಿದ್ದೆ. ನನ್ನ ಮಾತನ್ನು ಯಾರಾದರೂ ನಾಲ್ಕು ತಾಸು ಕೇಳಿದ್ದಾರಾ ಅಂತ ಯೋಚನೆ ಮಾಡಿದೆ. ಆಮೇಲೆ ಇನ್ನೊಂದು ಯೋಚನೆ ಬಂತು: ನಾನು ಯಾರದಾದರೂ ಮಾತನ್ನು ಅಷ್ಟು ಹೊತ್ತು ಕೇಳಿದ್ದೇನಾ?

ಅದರಲ್ಲಿ ಊಟದ ಒಂದು ಪದ್ಧತಿ ಬರುತ್ತದೆ. ಮಕ್ಕಳು ಡಬ್ಬಿಯಲ್ಲಿ ಸಮುದ್ರದ್ದು ಒಂದಿಷ್ಟು, ಗುಡ್ಡದ್ದು ಒಂದಿಷ್ಟು ತರಬೇಕು. ನಾನು ಏಳನೇ ತರಗತಿಯಲ್ಲಿ ಇದರಿಂದಲೇ ಒಂದು ಪ್ರಾಜೆಕ್ಟ್ ಮಾಡಿದೆ. ನಮಗೆ ಸಮುದ್ರ ಎಲ್ಲಿಂದ ಬರಬೇಕು? ‘ಹೊಲದ್ದು ಏನು, ಹಿತ್ತಲದ್ದು ಏನು, ಅಂಗಡಿಯದ್ದು ಏನು’ ಅಂತ ಮಾಡಿಕೊಂಡೆ. ಒಂದು ವಾರ ತರಗತಿಯ ಎಲ್ಲರ ಡಬ್ಬಿ ನೋಡಿ ಬರೆದುಕೊಂಡೆ. ಬಿಳಿಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಪುಂಡಿ ಪಲ್ಲೆ, ಮೊಳಕೆ ಮಡಕಿ ಕಾಳು. ನಂತರ ಒಂದು ರಟ್ಟಿನ ಮೇಲೆ ಆ ಕಾಳುಗಳನ್ನೇ ಅಂಟಿಸಿ, ಪ್ರತಿಯೊಂದರ ಕೆಳಗೆ ಅದು ಯಾರ ಹೊಲದಿಂದ ಬಂತು, ಮುಂಗಾರಿಯೋ ಹಿಂಗಾರಿಯೋ ಅಂತ ಬರೆದೆ. ಶುಕ್ರವಾರದ ಹೊತ್ತಿಗೆ ಅಂಗಡಿಯ ಸಾಲು ಎಲ್ಲಕ್ಕಿಂತ ಉದ್ದ ಆಗಿತ್ತು: ಕುರಕುರೆ, ಬಿಸ್ಕೀಟು, ಬ್ರೆಡ್ಡು. ಅದನ್ನು ನಾನು ಮುಚ್ಚಿಡಲಿಲ್ಲ, ಹಾಗೆಯೇ ಹಚ್ಚಿದೆ.

ಆದರೆ ಹೇಳಬೇಕಾದ ಮುಖ್ಯ ಸಂಗತಿ ಬೇರೆ. ನಮ್ಮ ಲೈಬ್ರರಿಯ ‘ತೊತ್ತೋಚಾನ್’ ಪ್ರತಿಗೆ ಕೊನೆಯ ಹಾಳೆಗಳು ಇರಲಿಲ್ಲ. ಯಾರು ಹರಿದರೋ, ತಾನೇ ಬಿಚ್ಚಿಕೊಂಡಿತೋ. ಎರಡು ವರ್ಷ ನಾನು ಆ ಶಾಲೆ ಇನ್ನೂ ಇದೆ ಅಂತಲೇ ತಿಳಿದುಕೊಂಡಿದ್ದೆ. ದೊಡ್ಡವಳಾದ ಮೇಲೆ ಒಂದು ಸಲ ಹೋಗಿ ನೋಡಬೇಕು ಅಂತ ಗೆಳತಿಗೂ ಹೇಳಿದ್ದೆ. ಎಂಟನೇ ತರಗತಿಯಲ್ಲಿ ಅಕ್ಕೋರು ಬಾಗಲಕೋಟೆಗೆ ಹೋದಾಗ ಇನ್ನೊಂದು ಪ್ರತಿಯಿಂದ ಆ ಪುಟಗಳನ್ನು ಝೆರಾಕ್ಸ್ ಮಾಡಿಸಿ ತಂದು ಕೊಟ್ಟರು. ಓದಿದೆ. ಶಾಲೆ ಇಲ್ಲ. 1945ರಲ್ಲಿ ಯುದ್ಧದ ಬಾಂಬ್ ಬಿದ್ದು ರೈಲು ಬೋಗಿಗಳೆಲ್ಲ ಸುಟ್ಟು ಹೋದವು. ಹೆಡ್‌ಮಾಸ್ತರು ಬೀದಿಯಲ್ಲಿ ನಿಂತು ಉರಿ ನೋಡುತ್ತಾ, ಮುಂದೆ ಎಂಥ ಶಾಲೆ ಕಟ್ಟೋಣ ಅಂತ ಮಗನನ್ನು ಕೇಳುತ್ತಾರೆ.

ಆ ರಾತ್ರಿ ನನಗೆ ಬಹಳ ಅಳು ಬಂತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಪಕ್ಕದಲ್ಲೇ ಮಲಗಿದ್ದಳು. ಯಾಕ ಅಳತಿ ಅಂತ ಕೇಳಿದಳು. ಒಂದು ಸಾಲಿ ಸುಟ್ಟಹೋತು ಅಂತ ಹೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸಾಲಿ ನೀರಾಗ ಹೋತಲ್ಲವಾ" ಅಂದಳು. ಆಯಿ ಶಾಲೆಗೆ ಹೋದವಳೇ ಅಲ್ಲ. ಆದರೂ ‘ನಮ್ಮ ಸಾಲಿ’ ಅಂದಳು. ಅದರ ಕಟ್ಟೆಯ ಮೇಲೆ ಕೂತು ಅಪ್ಪನಿಗಾಗಿ ಕಾಯುತ್ತಿದ್ದಳಂತೆ. ಅದಕ್ಕೆ ಹಂಚಿನ ಮಾಡು ಇತ್ತಂತೆ, ಮುಂದೆ ಬೇವಿನ ಗಿಡ ಇತ್ತಂತೆ. ಅವತ್ತು ನಾವಿಬ್ಬರೂ ಎಷ್ಟು ಹೊತ್ತು ಮಾತಾಡಿದೆವೋ ಗೊತ್ತಿಲ್ಲ, ಕೋಳಿ ಕೂಗುವುದು ಕೇಳಿತು.

ಮಾರನೇ ದಿನ ಲೈಬ್ರರಿಗೆ ಹೋಗಿ ಅಕ್ಕೋರಿಗೆ ಹೇಳಿದೆ, ನನಗೆ ಹಳೇ ಊರಿನ ನಕ್ಷೆ ಬೇಕು. ಕಪಾಟಿನಲ್ಲಿ ಅಂಥದ್ದು ಇರಲಿಲ್ಲ. ಒಬ್ಬ ಒಳ್ಳೆ ಲೈಬ್ರರಿಯವರು ಏನು ಮಾಡುತ್ತಾರೆ ಅನ್ನೋದನ್ನ ನಾನು ಅಲ್ಲಿ ನೋಡಿದೆ. ಇಲ್ಲ ಅಂತ ಹೇಳಿ ಕಳಿಸಲಿಲ್ಲ. ಒಂದು ಹಳೇ ಅಟ್ಲಾಸ್, ಒಂದು ಭೂಗೋಳದ ಪಠ್ಯಪುಸ್ತಕ, ನಾಲ್ಕು ಡ್ರಾಯಿಂಗ್ ಶೀಟ್ ಮೇಜಿನ ಮೇಲೆ ಇಟ್ಟು, "ಇಲ್ಲಂದ್ರ ನೀನ ಮಾಡು" ಅಂದರು.

ಮೊದಲು ಅಪ್ಪ ಮತ್ತು ಅವರ ಗೆಳೆಯರನ್ನು ಕೂರಿಸಿ ನಕ್ಷೆ ಬರೆಸಿದೆ. ಅವರು ಬರೆದದ್ದು ಹನಮಪ್ಪನ ಗುಡಿ, ಗರಡಿಮನೆ, ಶಾಲೆ, ಬಸ್ ನಿಲ್ಲುವ ಜಾಗ, ಹೊಲಕ್ಕೆ ಹೋಗುವ ಬಂಡಿದಾರಿ. ಆಮೇಲೆ ಆಯಿ ಮತ್ತು ಓಣಿಯ ನಾಲ್ಕು ಹೆಂಗಸರನ್ನು ಕೂರಿಸಿದೆ. ಅವರ ನಕ್ಷೆಯೇ ಬೇರೆ. ಸಿಹಿನೀರಿನ ಬಾವಿ, ಸವುಳು ನೀರಿನ ಬಾವಿ, ಹೊಳೆಗೆ ಬಟ್ಟೆ ಒಗೆಯಲು ಹೋಗುವ ಇಳಿಜಾರು, ಹಿಟ್ಟಿನ ಗಿರಣಿ, ಬಾಣಂತಿಗೆ ಔಷಧಿ ಕೊಡುತ್ತಿದ್ದವಳ ಮನೆ, ಯಾರ ಹಿತ್ತಲಿನಿಂದ ಯಾರ ಹಿತ್ತಲಿಗೆ ಬಾಗಿಲು ಇತ್ತು ಅನ್ನೋದು. ಗಂಡಸರ ನಕ್ಷೆಯಲ್ಲಿ ಒಂದೂ ಹಿತ್ತಲಬಾಗಿಲು ಇಲ್ಲ. ಹೆಂಗಸರ ನಕ್ಷೆಯಲ್ಲಿ ಗರಡಿಮನೆ ಇಲ್ಲ. ಎರಡನ್ನೂ ಕಿಟಕಿಯ ಗಾಜಿಗೆ ಒಂದರ ಮೇಲೊಂದು ಹಿಡಿದು ಮೂರನೇ ಹಾಳೆಗೆ ಇಳಿಸಿಕೊಂಡೆ. ಎರಡೂ ಕೂಡಿದ ಮೇಲೆಯೇ ಅದು ಊರು ಅನ್ನಿಸಿದ್ದು.

ಮೇ ತಿಂಗಳಲ್ಲಿ ಹಿನ್ನೀರು ಸರಿಯುತ್ತದೆ. ಅಪ್ಪನ ಜೊತೆ ನಡೆದುಕೊಂಡು ಹೋದೆ. ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಅದರ ನಡುವೆ ಮನೆಗಳ ಪಾಯದ ಕಲ್ಲು ಸಾಲಾಗಿ ಕಾಣುತ್ತಿದ್ದವು. ಗುಡಿಯ ಕಟ್ಟೆ ಹಾಗೆಯೇ ಇತ್ತು. ಅಲ್ಲಿಂದ ಹೆಜ್ಜೆ ಎಣಿಸಿ ಶಾಲೆಯ ಜಾಗ ಹುಡುಕಿದೆವು. ಅಪ್ಪ ಒಂದು ಕಡೆ ನಿಂತು, "ಇಲ್ಲೇ ನೋಡು, ನಾ ಕೂಡ್ತಿದ್ದ ಜಾಗ" ಅಂದರು. ನಾನು ಅಲ್ಲಿ ಕೂತೆ.

ಆ ಪಠ್ಯಪುಸ್ತಕದಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ ಬಗ್ಗೆ ಒಂದು ಪಾಠ ಇತ್ತು. ನಕ್ಷೆಯಲ್ಲಿ ಗುಡ್ಡದ ಸುತ್ತ ಉಂಗುರದ ಹಾಗೆ ಬರುತ್ತವಲ್ಲ, ಅವು. ಶಾಲೆಯಲ್ಲಿ ಅದು ನನಗೆ ತಲೆಗೆ ಹೋಗಿರಲಿಲ್ಲ. ಹಿನ್ನೀರಿನ ದಂಡೆಯಲ್ಲಿ ನಿಂತಾಗ ಹೋಯಿತು. ನಿಂತ ನೀರಿನ ಮೇಲ್ಮೈ ಎಲ್ಲ ಕಡೆ ಒಂದೇ ಮಟ್ಟ. ಅಂದರೆ ನೀರು ನೆಲವನ್ನು ಮುಟ್ಟುವ ಅಂಚೇ ಆ ಗೆರೆ! ನಮ್ಮ ಕಡೆ 519 ಅಂದರೆ ಸಣ್ಣ ಹುಡುಗರಿಗೂ ಗೊತ್ತು, ಆಲಮಟ್ಟಿಯಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದ ತನಕ ನೀರು ನಿಲ್ಲಿಸುತ್ತಾರೆ. ಅದನ್ನು 524.256ಕ್ಕೆ ಏರಿಸುವ ಮಾತು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಮನೆಮನೆಯಲ್ಲಿ ಆಡುವ ಈ ಸಂಖ್ಯೆಗಳು ನೆಲದ ಮೇಲೆ ಬರೆದ ಗೆರೆಗಳು ಅಂತ ಅವತ್ತು ತಿಳಿಯಿತು.

ಒಂಬತ್ತನೇ ತರಗತಿಯ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಂಡೆ. ಅಳತೆ ಮಾಡುವ ಯಂತ್ರ ನಮ್ಮ ಹತ್ತಿರ ಇಲ್ಲ. ಹಬ್ಬಗಳನ್ನು ಹಿಡಿದುಕೊಂಡೆ. ದೀಪಾವಳಿಗೆ ನೀರು ಎಲ್ಲಿತ್ತು, ಸಂಕ್ರಾಂತಿಗೆ ಎಲ್ಲಿತ್ತು, ಯುಗಾದಿಗೆ ಎಲ್ಲಿ, ಬಸವ ಜಯಂತಿಗೆ ಎಲ್ಲಿ. ಪ್ರತಿ ಸಲ ಹೋಗಿ ದಂಡೆಯಲ್ಲಿ ಗುರುತು ಮಾಡಿ ನಕ್ಷೆಗೆ ಹಾಕಿದೆ. ಹೀಗೆ ನಾಲ್ಕು ಗೆರೆ ಸಿಕ್ಕವು. ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬಿ ತಂದು, ಗೆರೆಗೆ ಒಂದೊಂದು ಪದರ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿದರೆ ನಮ್ಮ ನೆಲದ ಏರಿಳಿತ ಬಂದುಬಿಟ್ಟಿತು. ಅದನ್ನು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟು ನೀರು ಹಾಕಿದೆ.

ಅರ್ಧ ತಾಸಿನಲ್ಲಿ ರಟ್ಟು ನೆನೆದು ಉಬ್ಬಿ ಎಲ್ಲ ಬಿಚ್ಚಿಕೊಂಡಿತು. ಮೂರು ವಾರದ ಕೆಲಸ. ಲೈಬ್ರರಿಯಲ್ಲಿ ಹಳೇ ಬಾಲ ವಿಜ್ಞಾನದ ಸಂಚಿಕೆಗಳ ಗಂಟು ಇದೆ. ಅದರಲ್ಲಿ ಹುಡುಕುತ್ತಾ ಕೂತಾಗ ಪೇಪರ್ ಲೋಟಕ್ಕೆ ಒಳಗೆ ತೆಳುವಾಗಿ ಲೇಪ ಇರುತ್ತದೆ, ಅದಕ್ಕೇ ನೆನೆಯುವುದಿಲ್ಲ ಅಂತ ಓದಿದೆ. ಎರಡು ಪ್ಯಾಕೆಟ್ ಮೇಣದಬತ್ತಿ ಕರಗಿಸಿ ಅವ್ವನ ಕೈಯಿಂದ ಪ್ರತಿ ಪದರಕ್ಕೂ ಬಳಿಸಿದೆ. ನಿಂತಿತು. ಅಂಚುಗಳನ್ನು ಮರೆಯದೆ ಬಳಿಯಬೇಕು, ನೀರು ಮೊದಲು ನುಗ್ಗುವುದು ರಟ್ಟಿನ ಅಂಚಿನ ತೂತುಗಳಿಂದಲೇ. ಮೇಣವನ್ನು ನೇರ ಒಲೆಯ ಮೇಲೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸಿ. ದೊಡ್ಡವರು ಪಕ್ಕದಲ್ಲಿ ಇರಲಿ.

ಶಾಲೆಯ ವಸ್ತುಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬರಲಿಲ್ಲ. "ಇದರಾಗ ವಿಜ್ಞಾನ ಏನೈತಿ?" ಅಂತ ನೋಡಲು ಬಂದವರು ಕೇಳಿದರು. ಅಂಗಡಿಯಿಂದ ಕಿಟ್ ತಂದು ಜೋಡಿಸಿದ ಜ್ವಾಲಾಮುಖಿಗೆ ಮೊದಲನೇದು ಬಂತು. ನನಗೆ ಬೇಜಾರಾಯಿತು, ಈಗಲೂ ಇದೆ. ಆದರೆ ಮಧ್ಯಾಹ್ನ ಊರಿನ ಹಿರಿಯರು ಬಂದರು. ನಾನು ಮಗ್ಗಿನಿಂದ ನಿಧಾನಕ್ಕೆ ನೀರು ಹಾಕುತ್ತಾ ಹೋದೆ. ಹೊಳೆ ತುಂಬಿತು, ಒಗೆಯುವ ಬಂಡೆ ಹೋಯಿತು, ಸಿಹಿನೀರಿನ ಬಾವಿ ಹೋಯಿತು, ಶಾಲೆ ಹೋಯಿತು, ಕೊನೆಗೆ ಗುಡಿ. ಯಾರೂ ಮಾತಾಡಲಿಲ್ಲ. ಒಬ್ಬ ಅಜ್ಜ, "ಇನ್ನೊಮ್ಮೆ ನೀರ ತಗಿವಾ" ಅಂದರು. ತೆಗೆದೆ. ಅವರು ಬಗ್ಗಿ ತಮ್ಮ ಮನೆಯ ಜಾಗಕ್ಕೆ ಬೆರಳು ಇಟ್ಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈಗ ಪ್ರಾಜೆಕ್ಟ್ ಅಂದರೆ ಅಂಗಡಿಗೆ ಹೋಗು, ಚಿತ್ರದ ಚಾರ್ಟ್ ತಾ, ಕತ್ತರಿಸು, ಅಂಟಿಸು, ಇಲ್ಲಾಂದರೆ ನೆಟ್‌ನಿಂದ ಪ್ರಿಂಟ್ ತೆಗೆಸಿ ಸ್ಪೈರಲ್ ಮಾಡಿಸು. ರೊಕ್ಕ ಇದ್ದವರದ್ದು ಚಂದ ಕಾಣುತ್ತದೆ, ಇಲ್ಲದವರದ್ದು ಕಾಣುವುದಿಲ್ಲ. ಅದರಲ್ಲಿ ಮಗು ಕಲಿತದ್ದು ಏನು? ನಮ್ಮ ಲೈಬ್ರರಿಯ ಬಗ್ಗೆ ನಾನು ಇಷ್ಟು ಬರೆಯಲು ಕಾರಣವೇ ಅದು. ಅಲ್ಲಿ ಪುಸ್ತಕ ಓದಿದ ಮೇಲೆ ಕೈಗೆ ಕೆಲಸ ಸಿಗುತ್ತದೆ, ಆ ಕೆಲಸ ನನ್ನನ್ನು ನಮ್ಮ ಮನೆಯವರ ಹತ್ತಿರವೇ ಕಳಿಸಿತು. ಮೇಜು ಇದೆ, ಹಳೇ ಪತ್ರಿಕೆ ಇದೆ, ಕತ್ತರಿ ಇದೆ, ಏನು ಮಾಡುತ್ತಿದ್ದೀ ಅಂತ ಕೇಳುವ ಒಬ್ಬ ಅಕ್ಕೋರು ಇದ್ದಾರೆ.

ಹಕ್ಕಿಗಳ ವಿಷಯವೂ ಹಾಗೆಯೇ ಆಯಿತು. ಪೂರ್ಣಚಂದ್ರ ತೇಜಸ್ವಿ ಅವರ ‘ಹಕ್ಕಿಪುಕ್ಕ’ ನಮ್ಮಲ್ಲಿ ಒಂದು ಪ್ರತಿ ಇದೆ, ಬೆನ್ನು ಕಿತ್ತು ಎರಡು ಸಲ ಹೊಲಿದದ್ದು. ಅವರು ಮೂಡಿಗೆರೆಯ ಕಾಡಿನ ಕಡೆಯವರು, ನಮ್ಮದು ಬಯಲು ಸೀಮೆ, ಆದರೂ ನಮ್ಮ ಬೆಳ್ಳಕ್ಕಿ, ಮಿಂಚುಳ್ಳಿ, ಟಿಟ್ಟಿಭ ಎಲ್ಲಕ್ಕೂ ನನಗೆ ಗುರುತು ಹಿಡಿಯುವುದನ್ನು ಕಲಿಸಿದ್ದು ಅದೇ ಪುಸ್ತಕ. ಅದನ್ನು ಚೀಲದಲ್ಲಿ ಹಾಕಿಕೊಂಡು ಬೆಳಿಗ್ಗೆ ಹಿನ್ನೀರಿಗೆ ಹೋಗುತ್ತಿದ್ದೆ. ಚಳಿಗಾಲ ಕಳೆಯುವ ಹೊತ್ತಿಗೆ ನಮ್ಮ ಕಡೆ ರಾಜಹಂಸ ಬರುತ್ತವೆ, ಇಂಗ್ಲಿಷಿನವರು ಫ್ಲೆಮಿಂಗೋ ಅನ್ನುತ್ತಾರಲ್ಲ, ಅವು. ದೂರದಿಂದ ನೋಡಿದರೆ ಕೆಸರಿನ ಮೇಲೆ ಯಾರೋ ಗುಲಾಬಿ ಸೀರೆ ಒಣಹಾಕಿದ ಹಾಗೆ.

ಅವು ತಲೆಯನ್ನು ತಲೆಕೆಳಗು ಮಾಡಿ ನೀರಲ್ಲಿ ಅದ್ದುತ್ತವೆ. ಯಾಕೆ ಅಂತ ಹುಡುಕಿದೆ. ಅವುಗಳ ಕೊಕ್ಕಿನ ಅಂಚಿನಲ್ಲಿ ಜರಡಿಯ ಹಾಗೆ ಸಣ್ಣ ಹಲ್ಲುಗಳಿರುತ್ತವೆ. ನಾಲಿಗೆಯನ್ನು ಪಂಪಿನ ಹಾಗೆ ಹಿಂದೆ ಮುಂದೆ ಮಾಡಿ ಕೆಸರುನೀರನ್ನು ಒಳಗೆ ಎಳೆದು ಹೊರಗೆ ತಳ್ಳುತ್ತವೆ, ಸಣ್ಣ ಹುಳ ಪಾಚಿ ಒಳಗೆ ಉಳಿಯುತ್ತದೆ. ಗುಲಾಬಿ ಬಣ್ಣ ಬರುವುದೂ ಆ ತಿನ್ನುವ ವಸ್ತುವಿನಿಂದಲೇ, ಮರಿಗಳು ಬೂದು ಬಣ್ಣ ಇರುತ್ತವೆ. ನಾನು ಕಾಗದದ ಮುದ್ದೆಯಿಂದ ಕೊಕ್ಕು ಮಾಡಿ, ಬಾಯಿಯ ಎರಡೂ ಕಡೆ ಚಹಾ ಸೋಸುವ ಜಾಲರಿ ಕತ್ತರಿಸಿ ಹಚ್ಚಿ, ಒಳಗೆ ನಾಲಿಗೆಯ ಬದಲು ದೊಡ್ಡ ಸಿರಿಂಜು ಇಟ್ಟೆ. ಸಾಸಿವೆ ಹಾಕಿದ ಕೆಸರುನೀರನ್ನು ಎಳೆದು ಬಿಟ್ಟರೆ ನೀರು ಹೋಗಿ ಸಾಸಿವೆ ಉಳಿಯುತ್ತಿತ್ತು. ಲೈಬ್ರರಿಯ ಸಣ್ಣ ಮಕ್ಕಳು ಸಾಲು ನಿಂತು ಒಬ್ಬೊಬ್ಬರೇ ಎಳೆದು ನೋಡಿದರು. ಅದು ಶಾಲೆಗೆ ಮಾಡಿದ್ದೂ ಅಲ್ಲ, ಅಂಕಕ್ಕೂ ಅಲ್ಲ.

ಈಗ ಹಿಡಿದಿಟ್ಟ ಆ ಒಂದು ಸ್ಟಾರ್. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ಪಂಚಾಯ್ತಿ ಆಫೀಸಿನದ್ದು ಸಂಜೆ ಐದೂವರೆಗೆ ಬೀಗ. ಲೈಬ್ರರಿ ಎಂಟರ ತನಕ ತೆರೆದಿದ್ದರೂ ಹುಡುಗಿಯರು ಆರಕ್ಕೇ ಎದ್ದು ಹೋಗುತ್ತೇವೆ, ಇದು ಓದಿನ ವಿಷಯವೇ. ಇದೊಂದಕ್ಕೇ ನಾನು ಸ್ಟಾರ್ ಕಡಿಮೆ ಮಾಡಿದ್ದು. ಉಳಿದವು ಸಣ್ಣವು: ಕರೆಂಟ್ ಹೋದರೆ ಕಂಪ್ಯೂಟರ್ ಬಂದ್, ಮಳೆಗಾಲದಲ್ಲಿ ಒಂದು ಮೂಲೆ ಸೋರುತ್ತದೆ, ಆಗ ಆ ಕಪಾಟನ್ನು ನಾವೇ ಎಳೆದು ಇಡುತ್ತೇವೆ. ಹೊಸದಾಗಿ ಬರುವ ಪುಸ್ತಕಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯವೇ ಜಾಸ್ತಿ. ಪಿಎಸ್‌ಐ, ಎಫ್‌ಡಿಎಗೆ ಓದುವ ಅಣ್ಣಂದಿರಿಗೂ ಅವು ಬೇಕು, ಅದು ಸರಿ. ಆದರೆ ಎಂಟು ವರ್ಷದ ಹುಡುಗಿ ಬಂದರೆ ಅವಳಿಗೆ ಕಪಾಟಿನಲ್ಲಿ ಈ ವರ್ಷದ ಒಂದು ಹೊಸ ಕತೆಪುಸ್ತಕ ಇರಬೇಕು ಅಲ್ವಾ?

ಕೊನೆಯ ಸಂಗತಿ. ಹತ್ತನೇ ಪರೀಕ್ಷೆ ಮುಗಿದ ರಜೆಯಲ್ಲಿ ಹಳೇ ಊರಿನ ನಕ್ಷೆ, ಹಿರಿಯರು ಹೇಳಿದ್ದು, ನಾನು ಬರೆದ ಚಿತ್ರ ಎಲ್ಲ ಕೂಡಿಸಿ 40 ಪುಟದ ಒಂದು ಪುಸ್ತಕ ಕಟ್ಟಿದೆ. ಕಟ್ಟುವುದನ್ನು ಕಲಿಸಿದ್ದು ಅಕ್ಕೋರು. ಹರಿದ ಪುಸ್ತಕಗಳನ್ನು ಅವರೇ ಹೊಲಿಯುತ್ತಾರೆ. ಎಂಟೆಂಟು ಪುಟದ ಮಡಿಕೆ ಮಾಡಿ, ಮಡಿಕೆಯ ಬೆನ್ನಿಗೆ ದಬ್ಬಣದಿಂದ ತೂತು ಹಾಕಿ, ದಾರಕ್ಕೆ ಮೇಣ ಹಚ್ಚಿ ಹೊಲಿಯಬೇಕು. ಅಂಟಿಗೆ ಮೈದಾ ಕುದಿಸಿ, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಅದನ್ನು ಅವರೇ ಹಾಕಿದರು, ನನಗೆ ಮುಟ್ಟಲು ಕೊಡಲಿಲ್ಲ. ರಟ್ಟಿಗೆ ಹೊದಿಸಲು ಆಯಿ ತನ್ನ ಹಳೇ ಕುಬಸ ಬಿಚ್ಚಿ ಕೊಟ್ಟಳು. ಗುಳೇದಗುಡ್ಡದ ಖಣ, ಹಳೇ ಊರಿನಲ್ಲಿದ್ದಾಗ ತೆಗೆದುಕೊಂಡಿದ್ದಂತೆ. ಬಣ್ಣ ಇನ್ನೂ ಹೋಗಿಲ್ಲ.

ಅಕ್ಕೋರು ಅದಕ್ಕೆ ರಿಜಿಸ್ಟರ್‌ನಲ್ಲಿ ನಂಬರ್ ಕೊಡಲು ಬರುವುದಿಲ್ಲ ಅಂದರು, ಇಲಾಖೆಯಿಂದ ಬಂದ ಪುಸ್ತಕಕ್ಕೆ ಮಾತ್ರ ನಂಬರ್. ಆಮೇಲೆ ಒಳಪುಟದಲ್ಲಿ ಪೆನ್ಸಿಲಿನಿಂದ ತಾವೇ ಒಂದು ನಂಬರ್ ಬರೆದು ಕಪಾಟಿನಲ್ಲಿ ಇಟ್ಟರು. ಇದನ್ನು ಓದುವ ಇಲಾಖೆಯವರು ಯಾರಾದರೂ ಇದ್ದರೆ ಕೇಳಿಕೊಳ್ಳುತ್ತೇನೆ, ಪ್ರತಿ ಊರಿನ ಲೈಬ್ರರಿಯಲ್ಲೂ ಮಕ್ಕಳು ಕೈಯಿಂದ ಮಾಡಿದ ಪುಸ್ತಕಕ್ಕೆ ಕಪಾಟಿನ ಒಂದು ಸಾಲು ಇಡಿ, ಅದಕ್ಕೆ ನಂಬರ್ ಕೊಡಿ. ನಮ್ಮ ಪುಸ್ತಕವನ್ನು ಇಲ್ಲಿಯ ತನಕ ಒಂಬತ್ತು ಜನ ಮನೆಗೆ ಒಯ್ದಿದ್ದಾರೆ. ಅದರಲ್ಲಿ ಇಬ್ಬರಿಗೆ ಓದು ಬರುವುದಿಲ್ಲ, ಮೊಮ್ಮಕ್ಕಳ ಕೈಯಿಂದ ಓದಿಸಿಕೊಂಡರಂತೆ. ಹಿಂದಿರುಗಿ ಬಂದಾಗ ಮೂರು ಕಡೆ ಪೆನ್ಸಿಲ್ ಗುರುತು ಇದ್ದವು. ಒಂದು ಕಡೆ, ನಮ್ಮ ಮನಿ ಬಾಗಲಾ ಮೂಡಲಕ್ಕಿತ್ತು, ಬಡಗಲಕ್ಕಲ್ಲ ಅಂತ ಬರೆದಿದೆ. ನಾನು ಅಳಿಸಿಲ್ಲ.

ಆ ಪುಸ್ತಕವನ್ನು ಎರಡನೇ ಸಲ ಬರೆಯುತ್ತಿದ್ದೇನೆ ಈಗ. ನಮ್ಮ ಹಳೇ ಊರಿನವರು ಪುಣೆ, ಗೋವಾ, ಮಂಗಳೂರು ಅಂತ ದುಡಿಯಲು ಹೋದವರು ಬಹಳ ಇದ್ದಾರೆ. ಜಾತ್ರೆಗೆ ಬಂದಾಗ ಲೈಬ್ರರಿಗೂ ಬನ್ನಿ, ನಿಮ್ಮ ಮನೆಯ ಬಾಗಿಲು ಯಾವ ಕಡೆಗಿತ್ತು ಅಂತ ಹೇಳಿ. ಸೋಮವಾರ ರಜೆ. ಶನಿವಾರ ನಾಲ್ಕರಿಂದ ಆರರ ತನಕ ನಾನು ಅಲ್ಲೇ ಇರುತ್ತೇನೆ, ಕಿಟಕಿ ಪಕ್ಕದ ಮೇಜಿನ ಮೇಲೆ ನಕ್ಷೆ ಹಾಸಿಕೊಂಡು.